ಹಿಮವೋ, ಲೇಪವೋ?



ನರೂಲಿ ಕೈಯ ಮೇಲೋ ಕತ್ತಿನ ಮೇಲೋ ಮೂಡಿದರೆ ನಾವು ನಿಸ್ಸಂಕೋಚವಾಗಿ ಅದರ ಮಾತನಾಡುತ್ತೇವೆ. ಅದೇ ಗುಹ್ಯಸ್ಥಾನದಲ್ಲಿ ಮೂಡಿದರೆ ನಾಲಿಗೆ ಕಟ್ಟುತ್ತದೆ. ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತ ಸಂಹಿತೆಯು ಮೂಲವ್ಯಾಧಿಯ ನಿದಾನವನ್ನು ಹೇಳುವ ಅಧ್ಯಾಯದಲ್ಲಿಯೇ ಜನನಾಂಗಗಳಲ್ಲಿ ಬೆಳೆಯುವ ಮಾಂಸಾಂಕುರಗಳನ್ನೂ ಚರ್ಮಕೀಲವನ್ನೂ ಹೆಸರಿಸಿ ವರ್ಣಿಸುತ್ತದೆ. ಮೂಲವ್ಯಾಧಿಗೆ ಅದು ಹೇಳುವ ಉಪಾಯಗಳು ನಾಲ್ಕು: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಇಂದು ಅಗ್ನಿಯ ಪಕ್ಕದಲ್ಲಿ ಹಿಮವೂ ಬಂದು ಕುಳಿತಿದೆ.

ನಾನು ವೈದ್ಯನಲ್ಲ, ಕನ್ನಡದ ಮಾಸ್ತರ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹಳೆಯ ವಿದ್ಯಾರ್ಥಿಗಳು ತಂದೆಗೆ ಹೇಳಲಾರದ್ದನ್ನು ಮಾಸ್ತರರಿಗೆ ಹೇಳುವುದುಂಟು. ಹೆಪ್ಪುಗಟ್ಟಿಸುವುದು ಲೇಸೋ, ಮುಲಾಮು ಹಚ್ಚುವುದು ಲೇಸೋ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಓದಿ, ತಿಳಿದವರನ್ನು ಕೇಳಿ ಅರಿತುದನ್ನು ಇಲ್ಲಿ ಹೇಳುತ್ತೇನೆ.

ಈ ನರೂಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮ ಎಂಬ ವೈರಾಣು. ಅದರ ಹಲವು ಬಗೆಗಳಲ್ಲಿ 6 ಮತ್ತು 11ನೆಯವು ನೂರಕ್ಕೆ ತೊಂಬತ್ತರಷ್ಟು ಪ್ರಕರಣಗಳಿಗೆ ಹೊಣೆ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾಗುವ 16 ಮತ್ತು 18 ಬೇರೆ.

ಹಿಮಚಿಕಿತ್ಸೆಯಲ್ಲಿ ಬಳಸುವ ದ್ರವ ಸಾರಜನಕದ ಶೈತ್ಯ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ದನದ ದವಾಖಾನೆಯಲ್ಲಿ ಕೃತಕ ಗರ್ಭಧಾರಣೆಗಾಗಿ ಇಡುವ ಹಂಡೆಯಂಥ ಪಾತ್ರೆಯನ್ನು ನೋಡಿದವರಿಗೆ ಅದು ಅಪರಿಚಿತವಲ್ಲ. ಅದು ತಗಲಿದೊಡನೆ ಕೋಶಗಳೊಳಗಿನ ನೀರು ಹರಳುಗಟ್ಟಿ ಕೋಶಗಳು ಒಡೆಯುತ್ತವೆ. ಆ ಕ್ಷಣಕ್ಕೆ ಉರಿ, ಬಳಿಕ ಬೊಬ್ಬೆ, ಒಂದೆರಡು ವಾರದಲ್ಲಿ ಮಾಯುವಿಕೆ. ಕೆಲವರಿಗೆ ಬಿಳಿಯ ಅಥವಾ ಕಪ್ಪು ಕಲೆ ಉಳಿಯಬಹುದು. ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ವಾರಕ್ಕೋ ಎರಡು ವಾರಕ್ಕೋ ಮತ್ತೆ ಹೋಗಬೇಕು.

ಮುಲಾಮುಗಳಲ್ಲಿ ಇಮಿಕ್ವಿಮೋಡ್ ಪ್ರಮುಖವಾದುದು. ಅಮೆರಿಕದಲ್ಲಿ 1997ರಲ್ಲಿ ಮಾನ್ಯತೆ ಪಡೆಯಿತು. ಅದು ವೈರಾಣುವನ್ನು ತಾನೇ ಕೊಲ್ಲುವುದಿಲ್ಲ. ದೇಹದ ಕಾವಲುಗಾರರನ್ನು ಎಬ್ಬಿಸಿ ಕಳಿಸುತ್ತದೆ. ಶೇಕಡಾ 5ರ ಮುಲಾಮನ್ನು ವಾರಕ್ಕೆ ಮೂರು ರಾತ್ರಿ ಹಚ್ಚಿ, ಆರರಿಂದ ಹತ್ತು ಗಂಟೆಯ ನಂತರ ತೊಳೆಯಬೇಕು. ಹದಿನಾರು ವಾರದ ವರೆಗೂ ಬೇಕಾದೀತು. ಕೆಂಪಾಗಿ ಉರಿಯುವುದು ಸಾಮಾನ್ಯ. ಹಿಮಾಲಯದಲ್ಲಿ ಬೆಳೆಯುವ ಗಿಡವೊಂದರ ಬೇರಿನಿಂದ ದೊರೆಯುವ ಪೊಡೊಫಿಲೊಟಾಕ್ಸಿನ್ ಇನ್ನೊಂದು ಲೇಪ. ಗರ್ಭಿಣಿಯರಿಗೆ ಇವೆರಡೂ ಸಲ್ಲವು. ಅವರಿಗೆ ಹಿಮವೇ ಒಳ್ಳೆಯದು.

ಯಾವುದು ಮೇಲು? ಎಲ್ಲರಿಗೂ ಮೇಲಾದದ್ದು ಯಾವುದೂ ಇಲ್ಲ. ಗಂಟು ಹೋದರೂ ವೈರಾಣು ಉಳಿದು, ಎರಡರಲ್ಲಿಯೂ ಮರುಕಳಿಸುವುದುಂಟು. ನಮ್ಮ ಕಡೆ ನಿಜವಾಗಿ ನಿರ್ಣಯಿಸುವುದು ದಾರಿ. ಶಹಾಬಾದ್, ವಾಡಿಯವರು ರೈಲು ಹತ್ತಿ ಕಲಬುರಗಿಗೆ ಹೋಗಿ ಸಂಜೆಗೆ ಮರಳಬಲ್ಲರು. ಚಿಂಚೋಳಿಗೆ ರೈಲಿಲ್ಲ, ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಮನೆಯವರಿಗೆ ಒಂದು ಸುಳ್ಳು. ಅಂಥವರಿಗೆ ಲೇಪ ಅನುಕೂಲ ಎನ್ನಬಹುದು. ಆದರೆ ಹತ್ತು ಜನರ ಮನೆಯಲ್ಲಿ ಒಂದೇ ಬಚ್ಚಲು. ಹದಿನಾರು ವಾರ ಆ ಮುಲಾಮನ್ನು ಬಚ್ಚಿಡುವುದೆಲ್ಲಿ? ಗಂಟುಗಳು ಕೆಲವೇ ಇದ್ದು, ಹೋಗಿಬರುವ ಶಕ್ತಿಯಿದ್ದರೆ ನಾನು ಹಿಮವನ್ನೇ ಆರಿಸಿಕೊಳ್ಳುವಂತೆ ಹೇಳುತ್ತೇನೆ. ಕಡೆಯ ಮಾತು ವೈದ್ಯರದು.

ಮೂರನೆಯದೊಂದು ಚಿಕಿತ್ಸೆ ಇದೆ, ಅದೇ ನನಗೆ ಭಯ: ಸುಣ್ಣ ಮತ್ತು ಸೋಡಾ ಕಲಸಿ ಹಚ್ಚುವುದು. ಹಾಸುಗಲ್ಲಿನ, ಸಿಮೆಂಟಿನ ಈ ನಾಡಿನಲ್ಲಿ ಸುಣ್ಣಕ್ಕೇನು ಬರ? ಮೃದುವಾದ ಆ ಭಾಗದಲ್ಲಿ ಅದು ಗಂಟನ್ನಷ್ಟೇ ಸುಡುವುದಿಲ್ಲ, ಸುತ್ತಲ ಚರ್ಮವನ್ನೂ ತಿನ್ನುತ್ತದೆ.

ಇನ್ನೊಂದು ಸಂಗತಿ. ಸೋಂಕು ತಗಲಿದ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ ನರೂಲಿ ಮೂಡಬಹುದು. ಆದ್ದರಿಂದ ಇಂದು ಕಂಡ ಗಂಟು ನಿನ್ನೆಯ ದ್ರೋಹಕ್ಕೆ ಸಾಕ್ಷಿಯಲ್ಲ. ಇದನ್ನು ಅರಿಯದೆ ಹೆಂಡತಿಯನ್ನು ತವರಿಗೆ ಅಟ್ಟಿದವರ ಕಥೆಯನ್ನು ಕೇಳಿದ್ದೇನೆ. ಗಂಟು ಕರಗಿತು, ಮನೆ ಮತ್ತೆ ಕೂಡಲಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ವಿಭಾಗವಿರುತ್ತದೆ. ಲೈಂಗಿಕ ಸೋಂಕುಗಳ ತಪಾಸಣೆ ಅಲ್ಲಿ ಉಚಿತ, ಗುಟ್ಟು ಹೊರಬೀಳದು. ದಂಪತಿಗಳು ಕೂಡಿಯೇ ಹೋಗಲಿ.