ಮನೆಯ ಕೈದೀಪವೂ ಅದರ ಶೆಲ್ಲೂ

ಮನೆಗೆ ಬೇಕಾದ ಸಾಮಾನುಗಳ ಪಟ್ಟಿಯನ್ನು ಬರೆಯಲು ಕುಳಿತವರು ಕೈದೀಪವನ್ನು ಕಟ್ಟಕಡೆಗೆ ನೆನೆಯುವುದೇ ವಾಡಿಕೆ. ಸೀರೆಯ ಅಂಚನ್ನು ಬಿಸಿಲಿಗೆ ಹಿಡಿದು ನೋಡುವ ಗೃಹಿಣಿಯೂ, ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುವ ಯಜಮಾನನೂ, ಟಾರ್ಚನ್ನು ಕೊಳ್ಳುವಾಗ ಮಾತ್ರ ಅಂಗಡಿಯವನು ಒಮ್ಮೆ ಗೋಡೆಯ ಮೇಲೆ ಬೆಳಕು ಚೆಲ್ಲಿ ತೋರಿಸಿದೊಡನೆ ತೃಪ್ತರಾಗಿ ಹಣವನ್ನೆಣಿಸಿಬಿಡುವರು. ಆದರೆ ಆ ದೀಪದ ನಿಜವಾದ ಪರೀಕ್ಷೆಯು ಅಂಗಡಿಯಲ್ಲಿ ನಡೆಯುವುದಿಲ್ಲ. ಮಳೆಗಾಲದ ನಡುರಾತ್ರಿಯಲ್ಲಿ ಊರಿನ ವಿದ್ಯುತ್ತು ಹೋಗಿರುವಾಗ, ಕೊಟ್ಟಿಗೆಯಲ್ಲಿ ದನ ಕೂಗಿದಾಗಲೋ ಮಗುವಿಗೆ ಜ್ವರವೇರಿದಾಗಲೋ ಅದು ನಡೆಯುತ್ತದೆ.

ಮೂರು ವರ್ಷಗಳ ಹಿಂದೆ ಶ್ರಾವಣದಲ್ಲಿ ನಾನೇ ಈ ಪರೀಕ್ಷೆಗೆ ಒಳಗಾದೆನು. ಹಳ್ಳದ ನೀರು ಪಂಪಿನ ಮನೆಗೆ ನುಗ್ಗುವಂತಿದ್ದುದರಿಂದ ಅದನ್ನು ನೋಡಿಬರಲು ರಾತ್ರಿ ಹೊರಟೆನು. ಕೈಯಲ್ಲಿದ್ದುದು ಜಾತ್ರೆಯಲ್ಲಿ ಕೊಂಡ ಟಾರ್ಚು; ಅದರ ಡಬ್ಬಿಯ ಮೇಲೆ ಒಂದು ಲಕ್ಷ ಲ್ಯೂಮೆನ್ ಎಂದು ದಪ್ಪಕ್ಷರದಲ್ಲಿ ಮುದ್ರಿಸಿತ್ತು. ಮೊದಲು ಕಣ್ಣು ಕೋರೈಸಿದ ಆ ಬೆಳಕು ಹತ್ತು ನಿಮಿಷದೊಳಗೆ ಮಂಕಾಯಿತು. ಅಡಕೆ ತೋಟದ ನಡುವೆ ಪೂರ್ತಿಯಾಗಿ ಆರಿಹೋಯಿತು. ಹಿಂದೆ ಬರುತ್ತಿದ್ದ ಮಗನ ಕಿಸೆಯಲ್ಲಿ ಸಣ್ಣದೊಂದು ದೀಪವಿತ್ತು. ಅವನು ಅದನ್ನು ಹೊತ್ತಿಸಿದಾಗ, ನನ್ನ ಮುಂದಿನ ಹೆಜ್ಜೆ ಬೀಳಬೇಕಾಗಿದ್ದ ಒಣ ಸೋಗೆಯ ಮೇಲೆ ಕೊಳಕುಮಂಡಲವು ಸುತ್ತಿಕೊಂಡು ಮಲಗಿದ್ದುದು ಕಂಡಿತು. ಆ ರಾತ್ರಿಯ ಬಳಿಕ ಈ ವಿಷಯವಾಗಿ ಓದಿ, ಕೇಳಿ, ಬಳಸಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಇದು ಒಬ್ಬನ ಭಯದ ಮಾತಷ್ಟೇ ಅಲ್ಲ. ೨೦೦೦ದಿಂದ ೨೦೧೯ರವರೆಗಿನ ಮರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ ೫೮,೦೦೦ ಜನರು ಸಾಯುವರೆಂದು ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಸಾರಿತು. ಕಡಿತಕ್ಕೆ ಮದ್ದಿರುವುದು ಆಸ್ಪತ್ರೆಯಲ್ಲಿ. ಕಡಿಸಿಕೊಳ್ಳದಿರುವುದಕ್ಕೆ ಇರುವ ಮದ್ದು ಕಾಲಿಗೆ ಮೆಟ್ಟು, ಕಾಲಿನ ಮುಂದೆ ಬೆಳಕು. ಪಂಪಿಗೆ ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬರುವ ಊರುಗಳಲ್ಲಿ ಗದ್ದೆಗೆ ನೀರು ಕಟ್ಟುವವನಿಗಂತೂ ಕೈದೀಪವು ನೇಗಿಲಿನಷ್ಟೇ ಅಗತ್ಯವಾದ ಉಪಕರಣವು.

ಇನ್ನು ದೀಪದ ಸ್ವರೂಪವನ್ನು ನೋಡೋಣ. ಹಿಂದಿನ ಟಾರ್ಚಿನಲ್ಲಿ ಸಣ್ಣ ತಂತಿಯೊಂದು ಕಾದು ಬೆಳಗುತ್ತಿದ್ದಿತು. ವಿದ್ಯುತ್ತಿನ ಬಹುಪಾಲು ಬರಿಯ ಶಾಖವಾಗಿ ವ್ಯರ್ಥವಾಗುತ್ತಿದ್ದಿತು. ಈಗಿನ ಎಲ್.ಇ.ಡಿ. ದೀಪದಲ್ಲಿ ತಂತಿಯಿಲ್ಲ, ಅರೆವಾಹಕವೆಂಬ ಪದಾರ್ಥದ ಚೂರೊಂದರಲ್ಲಿ ವಿದ್ಯುತ್ತು ಹರಿದಾಗ ಅದೇ ಬೆಳಕು ಕೊಡುತ್ತದೆ. ೧೯೬೨ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬವರು ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು ರಚಿಸಿದರು. ನೀಲಿ ಬೆಳಕನ್ನು ಪಡೆಯಲು ಇನ್ನೂ ಮೂವತ್ತು ವರ್ಷಗಳ ದುಡಿಮೆ ಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ, ಶೂಜಿ ನಾಕಾಮುರಾ ಎಂಬ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ನೀಲಿ ಬೆಳಕಿನ ಚೂರಿನ ಮೇಲೆ ಹಳದಿಯ ಪುಡಿಯೊಂದನ್ನು ಲೇಪಿಸಿದರೆ ಎರಡೂ ಬೆರೆತು ಕಣ್ಣಿಗೆ ಬಿಳುಪಾಗಿ ತೋರುತ್ತದೆ. ನಮ್ಮ ಕೈಯಲ್ಲಿರುವ ಬಿಳಿಯ ದೀಪದ ಗುಟ್ಟು ಇದೇ. ತಂತಿಯ ದೀಪವು ಒಂದು ವ್ಯಾಟಿನಿಂದ ೧೦ ಲ್ಯೂಮೆನ್ನಿನ ಆಸುಪಾಸು ಬೆಳಕು ಕೊಟ್ಟರೆ, ಒಳ್ಳೆಯ ಎಲ್.ಇ.ಡಿ. ಟಾರ್ಚು ಸುಮಾರು ೧೦೦ ಲ್ಯೂಮೆನ್ ಕೊಡಬಲ್ಲುದು.

ಲ್ಯೂಮೆನ್ ಎಂದರೇನು? ದೀಪದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಕ್ಯಾಂಡೆಲಾ ಎಂಬುದು ಬೇರೊಂದು ಅಳತೆ. ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ಸಾಂದ್ರವಾಗಿದೆಯೆಂಬುದನ್ನು ಅದು ತಿಳಿಸುತ್ತದೆ. ಕೊಡದ ನೀರನ್ನು ಅಂಗಳಕ್ಕೆ ಎರಚುವುದಕ್ಕೂ, ಅದೇ ನೀರನ್ನು ಕೊಳವೆಯ ಮೂತಿಯಿಂದ ದೂರಕ್ಕೆ ಚಿಮ್ಮಿಸುವುದಕ್ಕೂ ಇರುವ ಭೇದವನ್ನು ಮನಸ್ಸಿಗೆ ತಂದುಕೊಂಡರೆ ಇದು ತಿಳಿಯುವುದು. ೨೦೦೯ರಲ್ಲಿ ಅಮೆರಿಕದಲ್ಲಿ ಎಫ್.ಎಲ್. ೧ ಎಂಬ ನಿಯಮಾವಳಿಯು ಏರ್ಪಟ್ಟಿತು. ಅದರ ಪ್ರಕಾರ, ಬೆಳಕು ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಅಂದರೆ ಕಾಲು ಲಕ್ಸಿಗೆ, ಇಳಿಯುವ ದೂರವೇ ಆ ದೀಪದ ಹರವು. ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಅದು ಮೀಟರುಗಳಲ್ಲಿ ದೊರೆಯುತ್ತದೆ. ೧೦,೦೦೦ ಕ್ಯಾಂಡೆಲಾ ಇದ್ದರೆ ಹರವು ೨೦೦ ಮೀಟರು. ಅದನ್ನು ೪೦೦ ಮೀಟರಿಗೆ ಏರಿಸಬೇಕಾದರೆ ಎರಡು ಪಟ್ಟು ಸಾಲದು, ನಾಲ್ಕು ಪಟ್ಟು, ಅಂದರೆ ೪೦,೦೦೦ ಕ್ಯಾಂಡೆಲಾ ಬೇಕು. ಬೆಳದಿಂಗಳಲ್ಲಿ ಆಕಾರ ಕಾಣುವುದೇ ಹೊರತು ವಿವರ ಕಾಣುವುದಿಲ್ಲವಾದುದರಿಂದ, ಬರೆದಿರುವ ದೂರದಲ್ಲಿ ಅರ್ಧವನ್ನೇ ಉಪಯೋಗಕ್ಕೆ ಬರುವುದೆಂದು ಎಣಿಸುವುದು ಜಾಣತನ.

ಈ ಭೇದವನ್ನರಿತ ಮೇಲೆ ನಮಗೆ ಬೇಕಾದುದು ಯಾವುದೆಂದು ನಿರ್ಣಯಿಸುವುದು ಸುಲಭ. ಮನೆಯೊಳಗೆ ಮಲಗಿದವರನ್ನು ಎಬ್ಬಿಸದೆ ನಡೆಯಲು ೫ ಲ್ಯೂಮೆನ್ ಸಾಕು; ಹೆಚ್ಚಾದರೆ ಕತ್ತಲಿಗೆ ಒಗ್ಗಿದ ಕಣ್ಣು ಮತ್ತೆ ಒಗ್ಗಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ಅಂಗಳ, ಕೊಟ್ಟಿಗೆ, ಕಾಲುದಾರಿಗಳಿಗೆ ೧೦೦ರಿಂದ ೩೦೦ ಲ್ಯೂಮೆನ್, ಅದೂ ಅಗಲವಾಗಿ ಹರಡುವ ಬೆಳಕು ತಕ್ಕುದು. ದೂರದ ಗದ್ದೆಯ ಅಂಚಿನಲ್ಲಿ ಹಂದಿಯಿದೆಯೋ ಎಂದು ನೋಡಬೇಕಾದವರಿಗೆ ಮಾತ್ರ ಕ್ಯಾಂಡೆಲಾ ಹೆಚ್ಚಿರುವ ದೊಡ್ಡ ಮುಖದ ಟಾರ್ಚು ಬೇಕಾಗುವುದು. ಅದನ್ನು ಹಿಡಿದು ನಡೆದರೆ ದೂರದ ಮರವು ಕಾಣುವುದು, ಕಾಲಿನ ಬದಿಯ ಹಾವು ಕಾಣದೆ ಹೋಗುವುದು. ಆದುದರಿಂದ ಒಂದೇ ದೀಪದಿಂದ ಎಲ್ಲವನ್ನೂ ಸಾಧಿಸುವ ಆಸೆಯನ್ನು ಬಿಡುವುದು ಮೇಲು.

ಬೆಳಕಿನ ಬಣ್ಣವೂ ಅಲಕ್ಷ್ಯ ಮಾಡತಕ್ಕ ವಿಷಯವಲ್ಲ. ಅಗ್ಗದ ದೀಪಗಳ ಬೆಳಕು ನೀಲಿಯ ಕಡೆಗೆ ವಾಲಿರುತ್ತದೆ. ಕೆಂಪಿನ ಅಂಶ ಅದರಲ್ಲಿ ಕಡಿಮೆ. ತರಗೆಲೆ, ಮಣ್ಣು, ಕೊಳಕುಮಂಡಲದ ಮೈಯ ಕಂದು ಮಚ್ಚೆ, ಇವೆಲ್ಲ ಅಂತಹ ಬೆಳಕಿನಲ್ಲಿ ಒಂದೇ ಬೂದುಬಣ್ಣಕ್ಕೆ ತಿರುಗುವುವು. ಡಬ್ಬಿಯ ಮೇಲೆ ೪,೦೦೦ದಿಂದ ೫,೦೦೦ ಕೆಲ್ವಿನ್ ಎಂದಿದ್ದರೆ ಬೆಳಕು ಹಿತವಾಗಿರುವುದೆಂದು ತಿಳಿಯಬಹುದು; ೬,೫೦೦ ಎಂದಿದ್ದರೆ ನೀಲಿಛಾಯೆ. ಬಣ್ಣ ತೋರುವ ಗುಣವನ್ನು ಸಿ.ಆರ್.ಐ. ಎಂಬ ಅಂಕದಿಂದ ಸೂಚಿಸುತ್ತಾರೆ. ಅದರ ಗರಿಷ್ಠವು ೧೦೦. ೯೦ಕ್ಕೆ ಮೇಲ್ಪಟ್ಟುದು ಉತ್ತಮ. ಸಂಖ್ಯೆ ಬರೆದಿರದಿದ್ದರೆ ಅಂಗೈಯ ಮೇಲೆ ಬೆಳಕು ಬಿಟ್ಟು ನೋಡಿರಿ. ಅಂಗೈ ಹೆಣದಂತೆ ಬಿಳಿಚಿಕೊಂಡು ತೋರಿದರೆ ಆ ದೀಪವು ಬೇಡ.

ಇನ್ನೆರಡು ಅಂಶಗಳುಂಟು. ಡಬ್ಬಿಯ ಮೇಲೆ ಬರೆದ ಗಂಟೆಗಳನ್ನು ಪೂರ್ಣ ಬೆಳಕಿನ ಗಂಟೆಗಳೆಂದು ತಿಳಿಯಬಾರದು. ಮೇಲೆ ಹೇಳಿದ ನಿಯಮಾವಳಿಯಲ್ಲಿ ಬೆಳಕು ಮೊದಲಿನ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗಿನ ಕಾಲವೆಲ್ಲ ಲೆಕ್ಕಕ್ಕೆ ಸೇರುತ್ತದೆ. ಅಲ್ಲದೆ ಅತಿ ಪ್ರಖರವಾದ ದೀಪಗಳು ಕೆಲವು ನಿಮಿಷಗಳಲ್ಲಿ ಬಿಸಿಯೇರಿ, ತಮ್ಮನ್ನು ತಾವೇ ಕಾಪಾಡಿಕೊಳ್ಳಲು ಬೆಳಕನ್ನು ತಗ್ಗಿಸಿಕೊಳ್ಳುವುವು. ಎರಡನೆಯದು ನೀರು. ಐ.ಪಿ.ಎಕ್ಸ್. ೪ ಎಂದಿದ್ದರೆ ಎರಚಲು ಮಳೆಯನ್ನು ತಡೆಯುವುದು, ಐ.ಪಿ.ಎಕ್ಸ್. ೭ ಎಂದಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಕೆಡದು. ಮಲೆನಾಡು ಕರಾವಳಿಗಳವರಿಗೆ ಎರಡನೆಯದೇ ಲೇಸು.

ದೀಪವು ದೇಹವಾದರೆ ಶೆಲ್ಲೇ ಅದರ ಪ್ರಾಣ. ಮತ್ತೆ ಮತ್ತೆ ತುಂಬಬಹುದಾದ ಶೆಲ್ಲುಗಳಲ್ಲಿ ಗೃಹಸ್ಥರಿಗೆ ಸಿಕ್ಕುವುವು ಮುಖ್ಯವಾಗಿ ಮೂರು ಜಾತಿ.

ಮೊದಲನೆಯದು ಸೀಸ ಮತ್ತು ಆಮ್ಲದ್ದು. ಗೋಡೆಗೆ ಚುಚ್ಚಿ ತುಂಬುವ ಅಗ್ಗದ ದೊಡ್ಡ ಟಾರ್ಚುಗಳಲ್ಲಿಯೂ ತುರ್ತುದೀಪಗಳಲ್ಲಿಯೂ ಇದು ಬಹುಕಾಲದಿಂದ ಇದೆ. ಭಾರ ಹೆಚ್ಚು, ಬರಿದಾದುದನ್ನು ಹಾಗೆಯೇ ಇಟ್ಟರೆ ಒಳಗಿನ ತಗಡುಗಳು ಗಂಧಕದ ಲವಣದಿಂದ ಗಟ್ಟಿಯಾಗಿ, ಕೆಲವು ತಿಂಗಳಲ್ಲಿ ಸತ್ತೇ ಹೋಗುವುದು. ಬಳಸಲಿ ಬಿಡಲಿ, ತಿಂಗಳಿಗೊಮ್ಮೆ ತುಂಬುತ್ತಿರಬೇಕು.

ಎರಡನೆಯದು ನಿಕೆಲ್-ಮೆಟಲ್ ಹೈಡ್ರೈಡ್. ಗಡಿಯಾರಕ್ಕೆ ಹಾಕುವ ಡಬಲ್ ಎ ಶೆಲ್ಲಿನ ಆಕಾರದಲ್ಲಿಯೇ ದೊರೆಯುವುದು. ಇದರ ಒತ್ತಡ ೧.೨ ವೋಲ್ಟು, ಸಾಧಾರಣ ಶೆಲ್ಲಿನದು ೧.೫. ಆದರೂ ಬಹುಮಟ್ಟಿನ ದೀಪಗಳು ಇದರಿಂದ ಚೆನ್ನಾಗಿಯೇ ನಡೆಯುವುವು. ಹಳೆಯ ಮಾದರಿಯವು ಕಪಾಟಿನಲ್ಲಿ ಸುಮ್ಮನೆ ಕುಳಿತೇ ಸೋರಿ ಬರಿದಾಗುತ್ತಿದ್ದುವು. ೨೦೦೫ರಲ್ಲಿ ಜಪಾನಿನ ಸಾನ್ಯೋ ಸಂಸ್ಥೆಯು ಎನೆಲೂಪ್ ಎಂಬ ಹೆಸರಿನಲ್ಲಿ ನಿಧಾನವಾಗಿ ಸೋರುವ ಜಾತಿಯನ್ನು ಹೊರತಂದಿತು. ಇವು ಒಂದು ವರ್ಷ ಕಳೆದ ಮೇಲೂ ತುಂಬಿದುದರ ಬಹುಪಾಲನ್ನು ಉಳಿಸಿಕೊಂಡಿರುತ್ತವೆ. ಅನಂತರ ಬೇರೆ ತಯಾರಕರೂ ಇಂತಹವನ್ನು ಮಾಡತೊಡಗಿದರು. ಮಕ್ಕಳಿರುವ ಮನೆಗೂ ವೃದ್ಧರಿರುವ ಮನೆಗೂ ಇದಕ್ಕಿಂತ ನಿರಪಾಯವಾದುದಿಲ್ಲ. ತುಂಬಿದುದು ಮುಗಿದರೂ ಹಳ್ಳಿಯ ಅಂಗಡಿಯ ಸಾಧಾರಣ ಶೆಲ್ಲನ್ನು ಹಾಕಿ ಆ ರಾತ್ರಿಯನ್ನು ಕಳೆಯಬಹುದು.

ಮೂರನೆಯದು ಲಿಥಿಯಂ-ಅಯಾನ್. ೧೯೯೧ರಲ್ಲಿ ಸೋನಿ ಸಂಸ್ಥೆಯು ಇದನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಟಾರ್ಚುಗಳಲ್ಲಿ ಹೆಚ್ಚಾಗಿ ಕಾಣುವುದು ೧೮೬೫೦ ಎಂಬ ಅಳತೆ: ೧೮ ಮಿಲಿಮೀಟರು ದಪ್ಪ, ೬೫ ಮಿಲಿಮೀಟರು ಉದ್ದ. ಒತ್ತಡ ಸುಮಾರು ೩.೬ ವೋಲ್ಟು, ಪೂರ್ಣ ತುಂಬಿದಾಗ ೪.೨. ಇದರಿಂದ ದೊಡ್ಡದು ೨೧೭೦೦.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಕಲಿತರೆ ಯಾರೂ ಮೋಸ ಹೋಗಲಾರರು. ೩,೦೦೦ ಮಿಲಿಆಂಪಿಯರ್-ಗಂಟೆಯ ೧೮೬೫೦ ಶೆಲ್ಲಿನಲ್ಲಿ ೩ನ್ನು ೩.೬ರಿಂದ ಗುಣಿಸಿದಷ್ಟು, ಎಂದರೆ ಸುಮಾರು ೧೧ ವ್ಯಾಟ್-ಗಂಟೆಯ ಶಕ್ತಿಯಿದೆ. ವ್ಯಾಟಿಗೆ ೧೦೦ ಲ್ಯೂಮೆನ್ನಿನಂತೆ ಅದು ೧,೦೦೦ ಲ್ಯೂಮೆನ್ನನ್ನು ಒಂದು ಗಂಟೆಯಷ್ಟೂ, ೧೦೦ ಲ್ಯೂಮೆನ್ನನ್ನು ಹತ್ತು ಗಂಟೆಯಷ್ಟೂ ಕೊಡಬಲ್ಲುದು. ಒಂದು ಲಕ್ಷ ಲ್ಯೂಮೆನ್ನನ್ನು ಈ ಒಂದು ಶೆಲ್ಲಿನಿಂದ ತೆಗೆಯುವೆನೆಂಬವನು ಸುಮಾರು ನಲವತ್ತು ಸೆಕೆಂಡುಗಳಲ್ಲಿ ಅದನ್ನು ಬರಿದು ಮಾಡಬೇಕು. ಆ ಶಾಖಕ್ಕೆ ಟಾರ್ಚು ಕೈಯಲ್ಲಿ ನಿಲ್ಲದು. ನನ್ನ ಜಾತ್ರೆಯ ದೀಪದ ಸುಳ್ಳು ಹೀಗೆ ಬಯಲಾಯಿತು. ಶೆಲ್ಲಿನ ಮೇಲೆ ೯,೯೦೦ ಎಂದು ಬರೆದಿದ್ದರೆ ಅದೂ ಇಂತಹುದೇ; ಪ್ರಾಮಾಣಿಕವಾದ ೧೮೬೫೦ ಶೆಲ್ಲಿನ ಮೇಲ್ಮಿತಿಯು ೩,೫೦೦ರ ಆಸುಪಾಸಿನದು. ಅಂತಹ ಶೆಲ್ಲು ಸುಮಾರು ೪೫ ಗ್ರಾಂ ತೂಗುತ್ತದೆ. ತಕ್ಕಡಿಯಲ್ಲಿಟ್ಟಾಗ ಬಹಳ ಹಗುರವಾಗಿದ್ದರೆ ಅಂಗಡಿಯವನಿಗೆ ಹಿಂದಿರುಗಿಸಿರಿ. ನಮ್ಮ ದೇಶದ ಮಾನಕ ಸಂಸ್ಥೆಯ ಐ.ಎಸ್. ೧೬೦೪೬ ಎಂಬ ಗುರುತು ಇರುವುದೋ ಎಂದು ನೋಡಿಕೊಳ್ಳುವುದೂ ಒಳಿತು.

ಲಿಥಿಯಂ ಶೆಲ್ಲು ಶಕ್ತಿವಂತನಾದ ಆಳಿನಂತೆ. ಮರ್ಯಾದೆ ತಪ್ಪಿ ನಡೆಸಿಕೊಂಡರೆ ಮನೆಗೇ ಕಿಚ್ಚಿಟ್ಟಾನು. ಅದನ್ನು ಅದಕ್ಕೆಂದೇ ಮಾಡಿದ ಚಾರ್ಜರಿನಲ್ಲಿ ಮಾತ್ರ ತುಂಬಬೇಕು. ಹಾಸಿಗೆಯ ಮೇಲಾಗಲಿ, ಮನೆಯವರೆಲ್ಲ ನಿದ್ರಿಸುವಾಗಲಾಗಲಿ ತುಂಬಬಾರದು. ಮೈಮೇಲಿನ ಹೊದಿಕೆ ಹರಿದುದನ್ನೂ, ಜಜ್ಜಿಹೋದುದನ್ನೂ, ಉಬ್ಬಿದುದನ್ನೂ ಬಳಸಬಾರದು. ಕಿಸೆಯಲ್ಲಿ ಬೀಗದ ಕೈ, ನಾಣ್ಯಗಳೊಡನೆ ಬಿಡಿಯಾಗಿ ಹಾಕಿಕೊಂಡರೆ ಎರಡು ತುದಿಗಳೂ ಕೂಡಿ ಕಿಡಿಯೇಳುವುದು. ಡಬಲ್ ಎ ಗಾತ್ರದಲ್ಲಿಯೇ ೧೪೫೦೦ ಎಂಬ ಲಿಥಿಯಂ ಶೆಲ್ಲೂ ಇದೆ, ಅದನ್ನು ೧.೫ ವೋಲ್ಟಿನ ಸಾಮಾನಿಗೆ ಹಾಕಿದರೆ ಸಾಮಾನು ಸುಟ್ಟೀತು. ಹೊಸದು ಹಳೆಯದುಗಳನ್ನು ಜೊತೆಗೂಡಿಸುವುದು ಯಾವ ಜಾತಿಯಲ್ಲಿಯೂ ಸಲ್ಲದು. ಸಾಧಾರಣ ಶೆಲ್ಲನ್ನು ಚಾರ್ಜರಿಗೆ ಹಾಕುವ ಸಾಹಸವೂ ಬೇಡ. ಕೀಲಿಗೊಂಚಲಿನ ಪುಟ್ಟ ದೀಪಗಳಲ್ಲಿರುವ ಗುಂಡಿಯಾಕಾರದ ಶೆಲ್ಲನ್ನು ಮಗುವು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವು ಸುಟ್ಟುಹೋಗಬಹುದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಸತ್ತ ಶೆಲ್ಲುಗಳನ್ನು ಒಲೆಗೂ ತಿಪ್ಪೆಗೂ ಹಾಕಬಾರದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅವುಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯು ತಯಾರಕರದು.

ಕೊನೆಗೆ ಹೇಳುವುದಾದರೆ, ಸಾಧಾರಣ ಸಂಸಾರಕ್ಕೆ ಎರಡು ದೀಪಗಳು ಸಾಕು. ಒಂದು, ಡಬಲ್ ಎ ನಿಕೆಲ್ ಶೆಲ್ಲುಗಳ ಪುಟ್ಟ ದೀಪ. ಅದು ದೇವರ ಗೂಡಿನ ಬಳಿಯೋ ಬಾಗಿಲ ಹಿಂದೆಯೋ, ಮನೆಯ ಮಕ್ಕಳಿಗೂ ತಿಳಿದಿರುವ ಒಂದೇ ಸ್ಥಳದಲ್ಲಿರಲಿ. ಇನ್ನೊಂದು, ಶೆಲ್ಲನ್ನು ಹೊರತೆಗೆದು ಬದಲಾಯಿಸಲು ಬರುವ ಲಿಥಿಯಂ ಟಾರ್ಚು; ಅದು ತೋಟ ಗದ್ದೆಗಳಿಗೆ ಹೋಗುವವನ ಕೈಗೆ. ಶೆಲ್ಲನ್ನು ಒಳಗೇ ಮುಚ್ಚಿಟ್ಟಿರುವ ದೀಪವು ಆ ಶೆಲ್ಲಿನೊಡನೆಯೇ ಮುಗಿದುಹೋಗುವುದರಿಂದ ಅಗ್ಗವಾದರೂ ದುಬಾರಿ.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಪ್ರತಿ ಅಮಾವಾಸ್ಯೆಯ ಹಗಲು ಎರಡು ದೀಪಗಳ ಶೆಲ್ಲುಗಳನ್ನೂ ತೆಗೆದು, ಒರೆಸಿ, ತುಂಬಿ, ಸಂಜೆಗೆ ಒಮ್ಮೆ ಹೊತ್ತಿಸಿ ನೋಡುವುದು ಮಗನ ಕೆಲಸ. ಚಂದ್ರನಿಲ್ಲದ ರಾತ್ರಿಗೆ ಮುಂಚೆ ಕೈದೀಪವನ್ನು ನೆನೆಯುವುದು ಮರೆತುಹೋಗದ ಲೆಕ್ಕವಾಗಿದೆ. ವಾಚಕರೂ ಈ ಅಮಾವಾಸ್ಯೆಯಿಂದಲೇ ಅದನ್ನು ಆರಂಭಿಸಬಹುದು.