ಕೇಳುತ್ತ ಕೇಳುತ್ತ ರಾಗ

ಗುಂಡ್ಲುಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನಾಂಕಕ್ಕೆ ಕೆಂಪು ಗುರುತು ಹಾಕಿಕೊಂಡು ಕಾಯುತ್ತಿದ್ದಾಳೆ. ಆಕೆಯ ಅಚ್ಚುಮೆಚ್ಚಿನ ಹಾಡುಗಾರರ ತಂಡ ಇರುವುದು ದೂರದ ದಕ್ಷಿಣ ಕೊರಿಯಾದಲ್ಲಿ. ಹೆಸರು ಬಿಟಿಎಸ್. ಏಳು ಮಂದಿ ತರುಣರ ಈ ತಂಡ 2022ರ ಜೂನ್‌ನಲ್ಲಿ 'ಪ್ರೂಫ್' ಎಂಬ ಸಂಕಲನ ಹೊರತಂದು, ಅದೇ ತಿಂಗಳು ಗುಂಪಿನ ಚಟುವಟಿಕೆಗೆ ವಿರಾಮ ಹೇಳಿತ್ತು. ಆ ದೇಶದಲ್ಲಿ ಯುವಕರಿಗೆ ಸೈನಿಕ ಸೇವೆ ಕಡ್ಡಾಯ. ಏಳೂ ಮಂದಿಯ ಸೇವೆ ಮುಗಿಯುವಾಗ 2025ರ ಜೂನ್ ಬಂದಿತ್ತು. ಹೊಸ ಆಲ್ಬಂಗೆ ಗೊತ್ತಾದ ದಿನ 2026ರ ಮಾರ್ಚ್ 20, ಯುಗಾದಿಯ ಮರುದಿನ. ಹತ್ತಿರ ಹತ್ತಿರ ನಾಲ್ಕು ವರ್ಷಗಳ ಕಾಯುವಿಕೆ!

ಆ ದಿನವೂ ಬಂತು. ಹುಡುಗಿ ಒಂದೊಂದು ಹಾಡನ್ನೂ ಅರ್ಧ ನಿಮಿಷ ಕೇಳಿದಳು. ಇಯರ್‌ಫೋನ್ ಕಿತ್ತಿಟ್ಟಳು. ಮುಖ ಸಪ್ಪಗಾಗಿತ್ತು.

"ಮೊದಲಿನ ಥರ ಇಲ್ಲ ಕಣಪ್ಪ."

"ಎಷ್ಟು ಸಲ ಕೇಳ್ದೆ ಅವ್ವ?"

"ಒಂದೇ ಸಲ. ಅದೂ ಪೂರ್ತಿ ಅಲ್ಲ."

"ಹಂಗಾರೆ ನೀ ಇನ್ನೂ ಕೇಳೇ ಇಲ್ಲ ಬುಡು."

ಅಪ್ಪ ಆಡಿದ್ದು ತಮಾಷೆಯ ಮಾತೇ? ಅಲ್ಲ. ಅದರ ಹಿಂದೆ ವಿಜ್ಞಾನವೂ ಇದೆ, ಅನುಭವವೂ ಇದೆ.

ಕ್ಯಾಸೆಟ್ಟಿನ ಕಾಲ

ಮೊದಲು ಅನುಭವವನ್ನು ನೋಡೋಣ. 1987ರಲ್ಲಿ 'ಪ್ರೇಮಲೋಕ' ಚಿತ್ರ ಬಂದಾಗ ಹಂಸಲೇಖ ಅವರ ಹಾಡುಗಳು ಕ್ಯಾಸೆಟ್ಟಿನ ಮೂಲಕ ನಾಡಿನ ಮನೆಮನೆಗೂ ಹೋದವು. ಈ ಅಪ್ಪನ ಅಣ್ಣ ಚಾಮರಾಜನಗರದಲ್ಲಿ ಕ್ಯಾಸೆಟ್ ಕೊಂಡು, ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಊರಿಗೆ ತಂದ ಎಂದಿಟ್ಟುಕೊಳ್ಳಿ. ಮನೆಯಲ್ಲಿದ್ದದ್ದು ಒಂದೇ ಟೇಪ್ ರೆಕಾರ್ಡರ್. ಎಲ್ಲರೂ ಸುತ್ತ ಕುಳಿತರು. ಒಂದು ಮಗ್ಗುಲು ಮುಗಿದರೆ ತಿರುಗಿಸಿ ಹಾಕಬೇಕು. ಬೇಡದ ಹಾಡನ್ನು ದಾಟಿಸಲು ಟೇಪನ್ನು ಓಡಿಸಬೇಕು. ಹಾಗೆ ಓಡಿಸಿದರೆ ಬ್ಯಾಟರಿ ಸೆಲ್ಲು ಬೇಗ ಮುಗಿಯುತ್ತದೆ ಎಂದು ಹಿರಿಯರ ಗದರಿಕೆ. ಹೀಗಾಗಿ ಹಿಡಿಸಲಿ, ಬಿಡಲಿ, ಎಲ್ಲ ಹಾಡುಗಳೂ ಕಿವಿಗೆ ಬೀಳುತ್ತಿದ್ದವು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. 1963ರಲ್ಲಿ ಫಿಲಿಪ್ಸ್ ಕಂಪನಿ ಪರಿಚಯಿಸಿದ ಈ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತದೆ. ಒಂದು ಮಗ್ಗುಲಿಗೆ 30 ನಿಮಿಷ, ಅಂದರೆ 1,800 ಸೆಕೆಂಡು. ಗುಣಿಸಿದರೆ ಸುಮಾರು 86 ಮೀಟರ್! ಕಬ್ಬಿಣದ ಆಕ್ಸೈಡ್ ಲೇಪಿಸಿದ ಅಷ್ಟು ಉದ್ದದ ಪಟ್ಟಿಯ ಮೇಲೆ ಹಾಡು ಕಾಂತತ್ವದ ರೂಪದಲ್ಲಿ ಕುಳಿತಿರುತ್ತದೆ. ಕೇಳುವವನು ಆ 86 ಮೀಟರನ್ನೂ ಕ್ರಮಿಸಲೇಬೇಕಿತ್ತು. ಇಂದು ಬೆರಳು ಸೋಕಿದರೆ ಹಾಡು ಬದಲಾಗುತ್ತದೆ. ಸೌಕರ್ಯ ದೊಡ್ಡದೇ. ಆದರೆ ಅಪರಿಚಿತ ಹಾಡು ಪರಿಚಿತವಾಗಲು ಬೇಕಾದ ಸಮಯ ಅದಕ್ಕೆ ಸಿಗುವುದಿಲ್ಲ.

ಮಿದುಳು ಏನು ಮಾಡುತ್ತದೆ?

ಈಗ ವಿಜ್ಞಾನ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲರಿ ಸಲಿಂಪೂರ್, ರಾಬರ್ಟ್ ಜಟೋರೆ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಸಂಗೀತ ಕೇಳಿ ಮೈ ಜುಮ್ಮೆನ್ನುವ ಹೊತ್ತಿನಲ್ಲಿ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಅವರು ಕಂಡುಕೊಂಡರು. ವಿಶೇಷವೆಂದರೆ, ಆ ಕ್ಷಣ ಬರುವ ಮೊದಲೇ, 'ಇನ್ನೇನು ಬಂತು' ಎಂದು ಮನಸ್ಸು ನಿರೀಕ್ಷಿಸುವಾಗಲೇ, ಮಿದುಳಿನ ಬೇರೊಂದು ಭಾಗದಲ್ಲಿ ಅದು ಹೊಮ್ಮತೊಡಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಪರೀಕ್ಷೆಗೆ ಒಳಗಾದವರು ಕೇಳಿದ್ದು ತಾವೇ ಆರಿಸಿ ತಂದ, ಚೆನ್ನಾಗಿ ಪರಿಚಯವಿದ್ದ ಸಂಗೀತವನ್ನು. ಮುಂದೆ ಯಾವ ಸ್ವರ ಬರುತ್ತದೆಂದು ಅವರಿಗೆ ಗೊತ್ತಿತ್ತು. ಹೊಸ ಹಾಡಿನಲ್ಲಿ ಅಂಥ ನಿರೀಕ್ಷೆಗೆ ಆಧಾರ ಕಡಿಮೆ. ನಾಲ್ಕು ವರ್ಷ ಹುಡುಗಿ ಕಾದದ್ದು ಹೊಸ ಹಾಡಿಗಾಗಿಯೇ ಆದರೂ, ಮನಸ್ಸಿನಲ್ಲಿ ನುಡಿಯುತ್ತಿದ್ದದ್ದು ನೂರಾರು ಸಲ ಕೇಳಿದ ಹಳೆಯ ಹಾಡುಗಳು. ನಿನ್ನೆ ಪರಿಚಯವಾದವರನ್ನು ಬಾಲ್ಯದ ಗೆಳೆಯರೊಡನೆ ಹೋಲಿಸಿದರೆ ಗೆಲ್ಲುವವರು ಯಾರು?

ಮನಶ್ಶಾಸ್ತ್ರಜ್ಞ ರಾಬರ್ಟ್ ಜಯೊಂಕ್ 1968ರಲ್ಲೇ ತೋರಿಸಿದ್ದರು: ಒಂದು ವಸ್ತುವನ್ನು ಮತ್ತೆ ಮತ್ತೆ ಎದುರುಗೊಂಡರೆ ಸಾಕು, ಅದರ ಮೇಲಿನ ಒಲವು ಹೆಚ್ಚುತ್ತದೆ. ಹಾಗೆಂದು ಎಲ್ಲವೂ ಹಿಡಿಸಲೇಬೇಕೆಂದಿಲ್ಲ, ಅತಿಯಾದರೆ ಬೇಸರವೂ ಬರುತ್ತದೆ. ಆದರೆ ಅರ್ಧ ನಿಮಿಷದ ತೀರ್ಪು ಹಾಡಿಗೂ ಅನ್ಯಾಯ, ಕೇಳುಗನಿಗೂ ನಷ್ಟ. ಪಾಠದ ಮಾತೂ ಇದೇ. ಓಮ್‌ನ ನಿಯಮ ಮೊದಲ ಓದಿಗೆ ಕಬ್ಬಿಣದ ಕಡಲೆ. ಮೂರನೆಯ ಓದಿಗೆ ಅದೇ ಸಲೀಸು.

ತಂದೆತಾಯಿಗಳಿಗೆ ಎರಡು ಮಾತು

ಗಾಜನೂರಿನ ರಾಜ್‌ಕುಮಾರ್ ಅವರ ಕಂಠ ಈ ಸೀಮೆಯ ಹಿರಿಯರಿಗೆ ಮನೆಯವರ ದನಿಯಷ್ಟೇ ಆಪ್ತ. ಆ ಆಪ್ತತೆ ಒಂದೇ ದಿನದಲ್ಲಿ ಬಂದದ್ದಲ್ಲ. ರೇಡಿಯೋ, ಟೆಂಟು, ಜಾತ್ರೆಯ ಮೈಕು ಎಂದು ವರ್ಷಗಟ್ಟಲೆ ಕೇಳಿ ಬೆಳೆದದ್ದು. ಮಕ್ಕಳ ಕೊರಿಯನ್ ಹಾಡೂ ಅವರಿಗೆ ಹಾಗೆಯೇ. 'ಅರ್ಥವಾಗದ ಭಾಷೆಯ ಗದ್ದಲ' ಎಂದು ಜರಿಯುವ ಬದಲು ಒಮ್ಮೆ ಜೊತೆಗೆ ಕುಳಿತು ಕೇಳಿದರೆ, ಹಾಡು ಹಿಡಿಸದಿದ್ದರೂ ಮಗಳು ಮನಸ್ಸು ಬಿಚ್ಚಿ ಮಾತಾಡಿಯಾಳು.

ಎರಡನೆಯದು ಕಿವಿಯ ವಿಚಾರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬಲ್ ಮೀರಬಾರದು. ಮಕ್ಕಳಿಗೆ ಆ ಮಿತಿ 75. ಪ್ರತಿ 3 ಡೆಸಿಬಲ್ ಏರಿಕೆಗೂ ಶಬ್ದದ ಶಕ್ತಿ ಇಮ್ಮಡಿಯಾಗಿ, ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ದೊಡ್ಡವರಿಗೇ 90 ಡೆಸಿಬಲ್ಲಿಗೆ ಉಳಿಯುವುದು ವಾರಕ್ಕೆ ನಾಲ್ಕೇ ಗಂಟೆ. ಮತ್ತೆ ಮತ್ತೆ ಕೇಳಬೇಕಾದರೆ ಮೆಲ್ಲಗೆ ಕೇಳಬೇಕು.

ನಮ್ಮ ಕಲ್ಪನೆಯ ಆ ಮನೆಗೆ ಮರಳೋಣ. ಸಂಜೆ ಹುಡುಗಿ ಇಯರ್‌ಫೋನ್ ಬದಿಗಿಟ್ಟು, ಫೋನನ್ನು ಮೇಜಿನ ಮೇಲಿಟ್ಟು, ಸದ್ದು ತಗ್ಗಿಸಿ ಮೊದಲ ಹಾಡಿನಿಂದ ಶುರು ಮಾಡಿದಳು. ಅಪ್ಪ ಪಕ್ಕದಲ್ಲೇ ಕುಳಿತ. ಒಂದು ವಾರ ಕಳೆಯಿತು. ಚಾಮರಾಜನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮಗಳು ಏನೋ ಗುನುಗುತ್ತಿದ್ದಳು. ಅಪ್ಪನಿಗೆ ಪದ ತಿಳಿಯಲಿಲ್ಲ, ರಾಗ ಮಾತ್ರ ಎಲ್ಲೋ ಕೇಳಿದಂತಿತ್ತು.

"ಇದೇ ಅಲ್ವೇನವ್ವ, ಚೆನ್ನಾಗಿಲ್ಲ ಅಂದಿದ್ದು?"

ಮಗಳು ನಕ್ಕಳು. ಹಾಡ್ತಾ ಹಾಡ್ತಾ ರಾಗ ಎಂದರು ಹಿರಿಯರು. ಕೇಳ್ತಾ ಕೇಳ್ತಾ ಕೂಡ ರಾಗವೇ ಅಲ್ಲವೇ?