ಛಾಯಾಚಿತ್ರದಲ್ಲಿ ಬೆಳ್ಳಕ್ಕಿಯ ಗುರುತು

ನೀರಿನಂಚಿನಲ್ಲಿ ನಿಂತ ಬಿಳಿಯ ಹಕ್ಕಿಯೊಂದರ ಛಾಯಾಚಿತ್ರವನ್ನು ಕಂಡೊಡನೆ ಕನ್ನಡಿಗನ ಬಾಯಿಗೆ ಬರುವ ಮಾತು ಬೆಳ್ಳಕ್ಕಿ. ಮರಾಠಿಗನಿಗೆ ಅದು ಬಗಳಾ. ಎರಡು ಮಾತೂ ತಪ್ಪಲ್ಲ. ಆದರೆ ಎರಡೂ ಒಂದು ಗುಂಪಿನ ಹೆಸರೇ ಹೊರತು ಒಂದು ಜಾತಿಯ ಹೆಸರಲ್ಲ. ಮುಂಬಯಿ, ಠಾಣೆಗಳ ಖಾಡಿಯ ಆಸುಪಾಸಿನಲ್ಲಿಯೇ ಈ ಹೆಸರಿಗೆ ಸಲ್ಲುವ ಹಕ್ಕಿಗಳು ಐದು ಬಗೆಯವು. ದೊಡ್ಡ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ, ಚಿಕ್ಕ ಬೆಳ್ಳಕ್ಕಿ, ದನಗಳ ಹಿಂದೆ ಅಲೆಯುವ ಗೋವಕ್ಕಿ ಎಂಬ ನಾಲ್ಕು. ಐದನೆಯದು, ಇಂಗ್ಲಿಷಿನಲ್ಲಿ ವೆಸ್ಟರ್ನ್ ರೀಫ್ ಹೆರಾನ್ ಎನ್ನಿಸಿಕೊಂಡಿರುವ, ಕನ್ನಡದಲ್ಲಿ ಕರಾವಳಿಬಕವೆನ್ನಬಹುದಾದ ಹಕ್ಕಿಯ ಬಿಳಿಯ ರೂಪ.

ಬಿಳಿಯ ಹಕ್ಕಿಗೆ ಬೆಳ್ಳಕ್ಕಿಯೆಂದರೆ ಸಾಲದೆ, ಇಷ್ಟು ಸೂಕ್ಷ್ಮವೇಕೆ ಎಂದು ಕೇಳಬಹುದು. 1987ರಿಂದ ಪ್ರತಿವರ್ಷದ ಜನವರಿಯಲ್ಲಿ ನಮ್ಮ ದೇಶದ ಕೆರೆ, ಅಳಿವೆಗಳಲ್ಲಿ ನೀರುಹಕ್ಕಿಗಳ ಗಣತಿ ನಡೆದುಬಂದಿದೆ. ಸಂದೇಹ ಬಂದಾಗ ಅದಕ್ಕೆ ಆಧಾರವಾಗುವುದು ಛಾಯಾಚಿತ್ರವೇ. ಠಾಣೆ ಖಾಡಿಯ ಒಂದು ಭಾಗವು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿತವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ನೋಡುವವರ ಕಣ್ಣೆಲ್ಲ ನಸುಗೆಂಪಿನ ರಾಜಹಂಸಗಳ ಮೇಲೆ. ಬಿಳಿಯ ಹಕ್ಕಿಗಳನ್ನು ಒಟ್ಟಾಗಿ ಎಣಿಸಿ ಮುಗಿಸುವುದುಂಟು. ಆದರೆ ಚಿಕ್ಕ ಬೆಳ್ಳಕ್ಕಿ ಬದುಕುವುದು ನೀರಿನೊಳಗಣ ಮೀನು, ಸೀಗಡಿಗಳ ಮೇಲೆ. ಗೋವಕ್ಕಿಯ ಆಹಾರ ಮುಖ್ಯವಾಗಿ ಹುಲ್ಲಿನ ಹುಳುಹುಪ್ಪಟೆ, ಊರ ಕಸದ ರಾಶಿಯೂ ಅದಕ್ಕೆ ಒಗ್ಗುತ್ತದೆ. ಗೋವಕ್ಕಿಗಳನ್ನು ಚಿಕ್ಕ ಬೆಳ್ಳಕ್ಕಿಗಳೆಂದು ಬರೆದುಬಿಟ್ಟರೆ, ಕಸದ ರಾಶಿ ಸಾಕಿದ ಹಕ್ಕಿಗಳು ಖಾಡಿಯ ಆರೋಗ್ಯಕ್ಕೆ ಸಾಕ್ಷಿ ಹೇಳಿದಂತಾಗುವುದು.

ಬಣ್ಣ ಇಲ್ಲಿ ನೆರವಿಗೆ ಬಾರದು, ಎಲ್ಲವೂ ಬಿಳಿ. ಗಾತ್ರವೂ ಚಿತ್ರದಲ್ಲಿ ಮೋಸಗೊಳಿಸುತ್ತದೆ. ಬಯಲಿನಲ್ಲಿ ದೊಡ್ಡ ಬೆಳ್ಳಕ್ಕಿಗೂ ಚಿಕ್ಕದಕ್ಕೂ ಇರುವ ಅಂತರ ಎದ್ದುಕಾಣುವಂಥದು. ಒಂದರ ಉದ್ದ ಸುಮಾರು 90 ಸೆಂಟಿಮೀಟರು, ಇನ್ನೊಂದರದು 60ರ ಆಚೀಚೆ. ಚಿತ್ರದ ಚೌಕಟ್ಟನ್ನು ತುಂಬಿ ಒಂಟಿಯಾಗಿ ನಿಂತಾಗ ಎರಡೂ ಸಮವೇ. ಪಕ್ಕದಲ್ಲಿ ಪರಿಚಿತವಾದ ಮತ್ತೊಂದು ಹಕ್ಕಿಯಿದ್ದು, ಎರಡೂ ಕ್ಯಾಮರಾದಿಂದ ಒಂದೇ ದೂರದಲ್ಲಿದ್ದರೆ ಮಾತ್ರ ಹೋಲಿಕೆಗೆ ಬೆಲೆ. ಇದಲ್ಲದೆ ಸಂಜೆಯ ಬೆಳಕು ಯಾವ ಕೊಕ್ಕನ್ನೂ ಹಳದಿಯಾಗಿಸಬಲ್ಲುದು. ಕೆಸರು ಯಾವ ಕಾಲನ್ನೂ ಕಪ್ಪಾಗಿಸಬಲ್ಲುದು.

ಆದುದರಿಂದ ಮೊದಲು ನೋಡತಕ್ಕದ್ದು ಆಕಾರವನ್ನು. ಅದರಲ್ಲಿಯೂ ಬಾಯಿಯ ಸೀಳುಗೆರೆಯನ್ನು, ಎಂದರೆ ಕೊಕ್ಕಿನ ಎರಡು ದಳಗಳು ಕೂಡುವ ಗೆರೆ ಮುಖದಲ್ಲಿ ಎಲ್ಲಿಯವರೆಗೆ ಚಾಚಿದೆ ಎಂಬುದನ್ನು. ದೊಡ್ಡ ಬೆಳ್ಳಕ್ಕಿಯಲ್ಲಿ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಈ ಎರಡಕ್ಕೂ ಕೊಕ್ಕು ಸಾಮಾನ್ಯವಾಗಿ ಹಳದಿ, ಕಾಲು ಕಪ್ಪು. ಮರಿಮಾಡುವ ಕಾಲದಲ್ಲಿ ಎರಡರ ಕೊಕ್ಕೂ ಕಪ್ಪಾಗುವುದು. ಬಣ್ಣವನ್ನೇ ನಂಬಿದವರು ಇಲ್ಲಿ ದಾರಿ ತಪ್ಪುವುದು ಸಹಜ. ಸೀಳುಗೆರೆ ಋತುವಿನೊಡನೆ ಬದಲಾಗುವುದಿಲ್ಲ. ಆದರೆ ಹಕ್ಕಿ ಪಕ್ಕಕ್ಕೆ ಮುಖಮಾಡಿ ನಿಂತಿರಬೇಕು. ಮಧ್ಯಮದ ಕೊಕ್ಕು ಗಿಡ್ಡ, ತಲೆ ದುಂಡಗೆ; ದೊಡ್ಡದರ ಕೊರಳಿನಲ್ಲಿ ಮುರಿದು ಜೋಡಿಸಿದಂತಹ ಒಂದು ಕೋನ ತೋರುತ್ತದೆ.

ಚಿಕ್ಕ ಬೆಳ್ಳಕ್ಕಿಯ ಕೊಕ್ಕು ಕಪ್ಪು ಮತ್ತು ಸಪೂರ. ಕಾಲು ಕಪ್ಪಾಗಿದ್ದು ಪಾದ ಮಾತ್ರ ಹಳದಿ. ಈ ಪಾದವೇ ಅದರ ಮುಖ್ಯ ಗುರುತಾದರೂ ಚಿತ್ರದಲ್ಲಿ ಅದು ಬಹುಮಟ್ಟಿಗೆ ನೀರಿನಲ್ಲಿ ಮುಳುಗಿರುತ್ತದೆ; ಹಾರುವಾಗ ತೆಗೆದ ಚಿತ್ರದಲ್ಲಿಯೇ ಹೆಚ್ಚು ಸ್ಪಷ್ಟ. ಗೋವಕ್ಕಿ ಮೋಟು ಕೊರಳಿನದು, ಹಳದಿ ಕೊಕ್ಕಿನದು. ಕೆಳಗೊಕ್ಕಿನ ಅಡಿಯವರೆಗೆ ಗರಿ ಬೆಳೆದು ಗದ್ದ ಊದಿಕೊಂಡಂತೆ ಕಾಣುತ್ತದೆ. ಮಳೆಗಾಲದಲ್ಲಿ ಅದರ ತಲೆ, ಕೊರಳು, ಬೆನ್ನುಗಳಿಗೆ ಕಿತ್ತಳೆಯ ಛಾಯೆ ಬಂದಾಗ ಸಂದೇಹಕ್ಕೆ ಎಡೆಯೇ ಉಳಿಯದು.

ಮರಿಮಾಡುವ ಕಾಲದ ಎಳೆಗರಿಗಳೂ ಸಾಕ್ಷಿ ನುಡಿಯುತ್ತವೆ. ದೊಡ್ಡ ಬೆಳ್ಳಕ್ಕಿಗೆ ಬೆನ್ನಿನಲ್ಲಿ ಮಾತ್ರ. ಮಧ್ಯಮಕ್ಕೆ ಬೆನ್ನಿನಲ್ಲಿಯೂ ಎದೆಯಲ್ಲಿಯೂ. ಚಿಕ್ಕದಕ್ಕೆ ಇವೆರಡರ ಜೊತೆಗೆ ನೆತ್ತಿಯ ಹಿಂದಿನಿಂದ ಇಳಿಬಿದ್ದ ಎರಡು ನೀಳವಾದ ಗರಿಗಳು. ಇಂದು ಗುರುತಿಗೆ ನೆರವಾಗುವ ಈ ಗರಿಗಳೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಹಕ್ಕಿಗಳಿಗೆ ಮೃತ್ಯುವಾಗಿದ್ದವು. ಯೂರೋಪಿನ ಹೆಂಗಸರ ಟೋಪಿಗಳ ಅಲಂಕಾರಕ್ಕಾಗಿ, ಗೂಡಿನಲ್ಲಿ ಮರಿಯಿರುವಾಗಲೇ, ತಾಯ್ತಂದೆ ಹಕ್ಕಿಗಳನ್ನು ಕೊಲ್ಲುತ್ತಿದ್ದರು. ಭಾರತದಿಂದ ಗರಿಗಳ ರಫ್ತನ್ನು ನಿಷೇಧಿಸಿದ್ದು 1902ರಲ್ಲಿ.

ನಿಲುವೂ ಒಂದು ಸೂಚನೆಯೇ. ಬಕಧ್ಯಾನವೆಂದು ನಮ್ಮವರು ಹಾಸ್ಯಮಾಡಿದ್ದು ದೊಡ್ಡ ಬೆಳ್ಳಕ್ಕಿಗೆ ಚೆನ್ನಾಗಿ ಒಪ್ಪುತ್ತದೆ. ಅದು ಕಂಬದಂತೆ ನಿಂತು ಕಾಯುತ್ತದೆ. ಚಿಕ್ಕದಕ್ಕೆ ಆ ತಾಳ್ಮೆ ಅಷ್ಟಿಲ್ಲ. ಪಾದದಿಂದ ಕೆಸರನ್ನು ಕಲಕುತ್ತ, ಮೀನಿನ ಬೆನ್ನಟ್ಟಿ ಓಡುತ್ತ, ರೆಕ್ಕೆ ಬಿಚ್ಚಿ ತಿರುಗುತ್ತ ಇರುವ ಬೆಳ್ಳಕ್ಕಿಯ ಚಿತ್ರವಿದ್ದರೆ ಅತ್ತ ಮೊದಲು ಯೋಚಿಸಬೇಕು.

ಆದರೆ ಹೀಗೆ ಓಡಾಡುವ ಇನ್ನೊಂದು ಹಕ್ಕಿಯೂ ಪಡುವಣ ಕಡಲತೀರದಲ್ಲಿದೆಯೆಂಬುದೇ ತೊಡಕು. ಕರಾವಳಿಬಕಕ್ಕೆ ಬೂದುಗಪ್ಪಿನ ರೂಪವೊಂದು, ಬಿಳಿಯ ರೂಪವೊಂದು. ಕಪ್ಪುರೂಪ ಬಿಳಿಯ ಗಂಟಲಿನಿಂದ ಸುಲಭವಾಗಿ ತಿಳಿಯುತ್ತದೆ. ಬಿಳಿಯದು ಚಿಕ್ಕ ಬೆಳ್ಳಕ್ಕಿಯ ಅವಳಿಯಂತಿದೆ. ಕೊಕ್ಕು ತುಸು ದಪ್ಪ, ತುದಿಯ ಕಡೆ ಕಿಂಚಿತ್ ಬಾಗಿದ್ದು, ಕಪ್ಪಾಗಿರದೆ ಸಾಮಾನ್ಯವಾಗಿ ಹಳದಿಮಿಶ್ರಿತ ಕಂದು. ಕಾಲಿನ ಕಪ್ಪೂ ಅಚ್ಚವಲ್ಲ, ಹಸುರು ಹಳದಿಗಳು ಬೆರೆತಿರುತ್ತವೆ. ಒಳನಾಡಿನ ಕೆರೆಯ ಚಿತ್ರವಾದರೆ ಇದರ ಸಂಭವ ತೀರ ಕಡಿಮೆ. ಶಿವಡಿಯ ಕೆಸರುಬಯಲಿನದಾದರೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಚಿತ್ರದೊಡನೆ ಸ್ಥಳವನ್ನೂ ತಿಂಗಳನ್ನೂ ಬರೆದಿಡಬೇಕೆಂಬುದು ಇದಕ್ಕಾಗಿಯೇ. ಇಷ್ಟಾದರೂ ಈ ಎರಡು ಜಾತಿಗಳು ಕೂಡಿ ಹುಟ್ಟಿದ ಮಿಶ್ರಸಂತಾನವೂ ಕಂಡುಬಂದಿರುವುದರಿಂದ, ಕೊಕ್ಕು ಒಂದರಂತೆ, ಕಾಲು ಇನ್ನೊಂದರಂತೆ ಇರುವ ಹಕ್ಕಿಗಳು ಚಿತ್ರದಲ್ಲಿ ಎದುರಾಗಬಹುದು. ಅಂತಹುದರ ಕೆಳಗೆ ಎರಡು ಹೆಸರುಗಳನ್ನೂ ಬರೆದು ನಡುವೆ ಓರೆಗೆರೆಯನ್ನೆಳೆಯುವುದೇ ಪಕ್ಷಿಗಣಕರ ವಾಡಿಕೆ.